ಲಾರಿ ಯು-ಬೋಲ್ಟ್‌ನಿಂದ ಲೈನರ್ ಪುಲ್ಲರ್: ನನ್ನ ಅನುಭವ

ಟ್ರ್ಯಾಕ್ಟರ್ ಎಂಜಿನ್ನಿನ ಲೈನರ್ (ಬ್ಲಾಕಿನೊಳಗೆ ಕೂರುವ, ಒಳಗೆ ಪಿಸ್ಟನ್ ಓಡಾಡುವ, ಹೊರಗೆ ನೀರು ಸುತ್ತುವ ಕೊಳವೆ) ಕೀಳೋಕೆ ನಾನೇ ಮಾಡಿಕೊಂಡ ಪುಲ್ಲರ್ ಎರಡು ತೊಗರಿ ರಾಶಿ ದಾಟಿ ಇನ್ನೂ ಗಟ್ಟಿಯಾಗಿದೆ. ಕಲಬುರಗಿಯ ಕಪನೂರಿನ ಲೇಥ್‌ನವರು ಆಗ ನಕ್ಕಿದ್ದರು: "ಉಸ್ತಾದ್, ಇದು ತಡಿಯಂಗಿಲ್ರಿ. ಸುಮ್ನ ರೊಕ್ಕ ಹಾಳ." ಈಗ ಲೈನರ್ ಕಚ್ಚಿಕೊಂಡ ಬ್ಲಾಕ್ ಬಂದರೆ ಅವರೇ ನನ್ನ ಕಡೆ ಕಳಿಸ್ತಾರೆ.

ನಮ್ಮ ಕಡೆ ರೇಡಿಯೇಟರಿಗೆ ಕೂಲಂಟ್ ಹಾಕೋರು ಕಮ್ಮಿ, ಬೋರಿನ ನೀರೇ ಗತಿ. ನಾಲ್ಕೈದು ವರ್ಷಕ್ಕೆ ಕೆಳಗಿನ ರಬ್ಬರ್ ರಿಂಗಿನ ಸುತ್ತ ಸುಣ್ಣವೂ ತುಕ್ಕೂ ಸೇರಿ ಲೈನರ್ ಬ್ಲಾಕಿಗೆ ಹತ್ತಿಬಿಡುತ್ತೆ. ಕೆಳಗಿಂದ ಕಟ್ಟಿಗೆ ಕೊಟ್ಟು ಸುತ್ತಿಗೆಯಲ್ಲಿ ಹೊಡೆಯೋದು ಹಳೇ ಪದ್ಧತಿ. ಅದಕ್ಕೆ ಕ್ರಾಂಕ್ (ಪಿಸ್ಟನ್‌ಗಳ ಕೆಳಗೆ ತಿರುಗುವ ದಂಡ) ಇಳಿಸಬೇಕು. ಆಳಂದದ ರೈತ ರಾಶಿ ಮಷಿನ್ ನಿಲ್ಲಿಸಿ ಕೂತಿರುವಾಗ ಅಷ್ಟು ಪುರುಸೊತ್ತು ಯಾರಿಗಿದೆ? ರೆಡಿಮೇಡ್ ಸೆಟ್ ಕೇಳಿದರೆ ಆರೇಳು ಸಾವಿರ ಅಂದರು.

ಪುಲ್ಲರ್ ಅಂದರೆ ಲೈನರ್ ಅಡಿಗೊಂದು ಪ್ಲೇಟು, ಬ್ಲಾಕ್ ಮೇಲೊಂದು ಅಡ್ಡಪಟ್ಟಿ, ನಡುವೆ ರಾಡ್; ಮೇಲಿನ ನಟ್ ಬಿಗಿದ ಹಾಗೆ ಲೈನರ್ ಮೇಲೆ ಬರುತ್ತೆ. ಮೊದಲು ಹಾರ್ಡ್‌ವೇರ್ ಅಂಗಡಿಯ ಉದ್ದನೆ ಥ್ರೆಡ್ ರಾಡ್ ತಂದೆ, ಇನ್ನೂರು ಚಿಲ್ಲರೆ. ಮೆತ್ತಗಿನ ಕಬ್ಬಿಣ. ಲೈನರ್ ಅಲ್ಲಾಡೋ ಮೊದಲೇ ನಟ್ ಕಚ್ಚಿ ಥ್ರೆಡ್ ಸಿಪ್ಪೆ ಸುಲಿದ ಹಾಗೆ ಬಂತು. ಮೇಲಿನ ಅಡ್ಡಪಟ್ಟಿಯೂ ಬಿಲ್ಲಾಯ್ತು. ಆಮೇಲೆ ಗುಜರಿಯಲ್ಲಿ ಲಾರಿ ಕಮಾನ್ ಪಟ್ಟಿಯ (ಸ್ಪ್ರಿಂಗ್) ಯು-ಬೋಲ್ಟ್ ಕಣ್ಣಿಗೆ ಬಿತ್ತು. 20 ಎಂ.ಎಂ. ದಪ್ಪ, ಥ್ರೆಡ್ಡಿಂದ ಥ್ರೆಡ್ಡಿಗೆ 1.5 ಎಂ.ಎಂ.ನ ಸಣ್ಣ ಪಿಚ್, ಹೈ ಟೆನ್ಸೈಲ್ ಅಂದರೆ ಜಗ್ಗಿದರೂ ತಡೆಯೋ ಗಟ್ಟಿ ಸ್ಟೀಲ್. ಬಾಗಿದ ಭಾಗ ಕೊಯ್ದು ಬಿಸಾಕಿ ನೆಟ್ಟಗಿನ ಕಾಲು ಇಟ್ಟುಕೊಂಡೆ. ಅದನ್ನ ಪ್ಲೇಟಿಗೆ ವೆಲ್ಡಿಂಗ್ ಮಾಡಿದ್ದು ಉಳಿಯಲಿಲ್ಲ. ಜಗ್ಗಿದ ಕೂಡಲೇ ವೆಲ್ಡ್ ಪಕ್ಕದಲ್ಲೇ ಟಣ್ ಅಂತ ಕಡಿದುಹೋಯ್ತು. ಆ ಜಾತಿ ಸ್ಟೀಲಿಗೆ ವೆಲ್ಡಿಂಗ್ ಕಾವು ಆಗಿಬರೋದಿಲ್ಲ. ಇನ್ನೊಂದು ಕಾಲಿಗೆ ಲೇಥಲ್ಲಿ ಕೆಳತುದಿಗೂ ಥ್ರೆಡ್ ಹಾಕಿಸಿ ಡಬಲ್ ನಟ್ ಕೊಟ್ಟೆ.

ಮೇಲೆ ಎರಡು ಸಿ-ಚಾನಲ್ ಬೆನ್ನಿಗೆ ಬೆನ್ನು, ನಡುವೆ ರಾಡ್ ಹೋಗುವಷ್ಟು ಸಂದಿ. ಆ ಚಾನಲ್ ಬ್ಲಾಕ್ ಮೇಲೆ ಊರುವ ಕಾಲಿನ ಕೆಳಗೆ ಹಳೇ ಹೆಡ್ ಗ್ಯಾಸ್ಕೆಟ್ ತುಂಡು ಇಡ್ತೀನಿ, ಬ್ಲಾಕ್ ಮುಖಕ್ಕೆ ಗೀರು ಬೀಳಬಾರದಲ್ಲ. ಅಸಲಿ ಕರಾಮತ್ತು ಇರೋದು ನಟ್ ಕೆಳಗಿನ ಥ್ರಸ್ಟ್ ಬೇರಿಂಗಲ್ಲಿ (ಮೇಲಿಂದ ಭಾರ ಬಿದ್ದರೂ ಸಲೀಸಾಗಿ ತಿರುಗೋ ಗುಂಡಿನ ಬೇರಿಂಗ್), ನಂಬರ್ 51104. ಅದಿಲ್ಲದಿದ್ದರೆ ನಿಮ್ಮ ಅರ್ಧ ಬಲ ನಟ್ಟು ವಾಷರು ಉಜ್ಜಾಡೋದಕ್ಕೇ ಹೋಗುತ್ತೆ. ಬೇರಿಂಗ್ ಕೂಡಿಸಿದ ಮೇಲೆ ಪಾನಾಕ್ಕೆ ಪೈಪ್ ತೊಡಿಸೋ ಪ್ರಸಂಗವೇ ಕಮ್ಮಿ. ಥ್ರೆಡ್ ಇರೋದು ಮೂರು ಇಂಚಿನಷ್ಟೇ, ಆದರೂ ಸಾಕು. ರಬ್ಬರ್ ರಿಂಗು ತನ್ನ ಜಾಗ ಬಿಟ್ಟಿತು ಅಂದರೆ ಉಳಿದದ್ದು ಕೈಯಲ್ಲೇ ಬರುತ್ತೆ.

ಕೆಳಗಿನ ಪ್ಲೇಟು 16 ಎಂ.ಎಂ. ದಪ್ಪದ್ದು, ಮೆಟ್ಟಿಲು ಕಡೆಸಿದ್ದು. ಮೇಲಿನ ಮೆಟ್ಟಿಲು ಲೈನರ್ ಒಳಗೆ ಸಡಿಲ ಕೂರಬೇಕು, ಕೆಳಗಿನದು ಲೈನರ್ ಹೊರಸುತ್ತಿಗಿಂತ ಒಂದು ಕೂದಲು ಕಮ್ಮಿ ಇರಬೇಕು, ಇಲ್ಲದಿದ್ದರೆ ಬ್ಲಾಕಿಗೆ ಸಿಕ್ಕಿಕೊಳ್ಳುತ್ತೆ. ಎರಡು ಬದಿ ಚಪ್ಪಟೆ ಕೊಯ್ದು ತೂತು ಸ್ವಲ್ಪ ಉದ್ದ ಬಿಡಿಸಿದ್ದರಿಂದ ಮೇಲಿಂದಲೇ ಓರೆಯಾಗಿ ಇಳಿಯುತ್ತೆ. ಕ್ರಾಂಕ್ ಪಿನ್ನನ್ನ (ಕನೆಕ್ಟಿಂಗ್ ರಾಡ್ ಕೂರುವ ಭಾಗ) ಪೂರ್ತಿ ಕೆಳಕ್ಕೆ ತಿರುಗಿಸಿ ಅರಿವೆ ಸುತ್ತಿದರೆ ಆಯ್ತು. ಎಷ್ಟು ಕೊಯ್ಯಬೇಕು, ಎಂಥಾ ಓರೆ ಅನ್ನೋದನ್ನ ಗ್ಯಾರೇಜಿಗೆ ಬಂದವರಿಗೆ ಕೈಯಲ್ಲಿ ಹಿಡಿದು ತೋರಿಸ್ತೀನಿ, ಇಲ್ಲಿ ಬೇಡ. ಹಟಮಾರಿ ಲೈನರಿಗೆ ಹಿಂದಿನ ರಾತ್ರಿ ಏನು ಹಚ್ಚಿ ಬಿಡ್ತೀನಿ ಅನ್ನೋದೂ ಅಷ್ಟೇ.

ಕೆಟ್ಟು ಹೋದದ್ದೂ ಸೇರಿ ಖರ್ಚು ಸಾವಿರದ ಎಂಟುನೂರರ ಆಸುಪಾಸು. ಲೇಥ್ ಕೂಲಿಯೇ ಅರ್ಧ ತಿಂತು. ಬೇರಿಂಗ್ ಮಾತ್ರ ಹೊಸದು.

ಗುಜರಿಯಿಂದ ಒಂದು ಕಮಾನ್ ಪಟ್ಟಿ ತುಂಡೂ ಬಂದಿತ್ತು, ಕಾರ್ಬನ್ ಕೆರೆಯೋಕೆ ಪಟ್ಟಿ ಮಾಡೋಣ ಅಂತ ಕಾಯಿಸಿ ನೀರಿಗೆ ಅದ್ದಿದೆ, ಸೀಳಿತು. ಹಳೇ ಎಂಜಿನ್ ಆಯಿಲಿಗೆ ಅದ್ದಿ, ಆಮೇಲೆ ನೀಲಿ ಬಣ್ಣ ಬರೋತನಕ ಮತ್ತೆ ಹದವಾಗಿ ಕಾಯಿಸಿದ್ದು ನಿಂತಿದೆ. ಎಣ್ಣೆ ಡಬ್ಬಿ ತಗಡಿಗೆ ಹೋಸ್ ಕ್ಲಿಪ್ ಬಿಗಿದು ಮಾಡಿದ ರಿಂಗ್ ಕಂಪ್ರೆಸರ್ (ಪಿಸ್ಟನ್ ಇಳಿಸುವಾಗ ಅದರ ರಿಂಗು ಅದುಮಿ ಹಿಡಿಯೋದು) ಪಂಪ್‌ಸೆಟ್ಟಿಗೆ ನಡೆಯುತ್ತೆ, ದೊಡ್ಡ ಪಿಸ್ಟನ್ನಿಗೆ ಸುಕ್ಕು ಬೀಳುತ್ತೆ.

ಪುಲ್ಲರನ್ನ ತಿರುಗಿಸಿ ಹಾಕಿ ಹೊಸ ಲೈನರ್ ಒತ್ತಬಹುದಾ ಅಂತ ಹುಡುಗರು ಕೇಳ್ತಾರೆ. ಒತ್ತಬೇಡಿ. ರಬ್ಬರ್ ರಿಂಗಿಗೆ ಸಾಬೂನು ನೀರು ಸವರಿ ಅಂಗೈಯಲ್ಲಿ ಒತ್ತಿದರೆ ಕೂರಬೇಕು. ಕೂರದಿದ್ದರೆ ಕೆಳಗೆ ಸುಣ್ಣ ಉಳಿದಿದೆ, ತೆಗೆದು ಮತ್ತೆ ಕೆರೆಯಿರಿ.