ಡಿಜೆ ಸ್ಟೆಂಟ್: ಹಾಕಿದ್ದನ್ನು ತೆಗೆಸಲೇಬೇಕು

ಕಲಬುರಗಿಯ ಒಂದು ಆಸ್ಪತ್ರೆಯ ಯೂರಾಲಜಿ ವಾರ್ಡ್‌ನಲ್ಲಿ ನಾನು ಸ್ಟಾಫ್ ನರ್ಸ್. ಕಿಡ್ನಿ ಹರಳು ತೆಗೆಸಿಕೊಂಡವರು ಮನೆಗೆ ಹೊರಟಾಗ, ಅವರ ಮೂತ್ರನಾಳದಲ್ಲಿ ಇಟ್ಟಿರುವ ಡಿಜೆ (ಡಬಲ್ ಜೆ) ಸ್ಟೆಂಟ್ ಬಗ್ಗೆ ತಿಳಿಸಿ ಹೇಳುವುದು ನನ್ನ ಪಾಲಿನ ಕೆಲಸ. "ಸಿಸ್ಟರ್, ನನ್ನ ಹಾರ್ಟ್ ಚಲೋ ಅದರೀ, ಸ್ಟೆಂಟ್ ಯಾಕ ಹಾಕ್ಯಾರ?" ಅಂತ ಕೇಳದವರು ಕಡಿಮೆ.

ಹೃದಯದ ಸ್ಟೆಂಟ್ ಲೋಹದ ಸಣ್ಣ ಜಾಲರಿ. ರಕ್ತನಾಳದಲ್ಲಿ ಒಮ್ಮೆ ಕೂತರೆ ಅಲ್ಲೇ ಇರುತ್ತದೆ, ತೆಗೆಯುವ ಮಾತಿಲ್ಲ. ಡಿಜೆ ಹಾಗಲ್ಲ. ಇದು ಮೆತ್ತಗಿನ ಪ್ಲಾಸ್ಟಿಕ್ ನಳಿಗೆ. ದೊಡ್ಡವರಿಗೆ ಸಾಮಾನ್ಯವಾಗಿ 24ರಿಂದ 26 ಸೆಂ.ಮೀ. ಉದ್ದ, ದಪ್ಪ ಸುಮಾರು 2 ಮಿ.ಮೀ. ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ, ಜಾರಬಾರದು ಅಂತ. ಆಪರೇಷನ್ ಆದ ಮೇಲೆ ಮೂತ್ರನಾಳ ಬಾತಿರುತ್ತದೆ, ಹರಳಿನ ಚೂರೂ ಸಿಕ್ಕಿಕೊಳ್ಳಬಹುದು. ಆಗಲೂ ಮೂತ್ರ ಸರಾಗ ಇಳಿಯಲಿ ಅಂತ ಇದನ್ನು ಇಡುತ್ತಾರೆ. ಇಷ್ಟನ್ನೂ ಬಾಯಲ್ಲಿ ಹೇಳಿದರೆ ಅರ್ಧ ತಲೆಗೆ ಹೋಗುತ್ತದೆ. ಅವರದೇ ಎಕ್ಸ್‌ರೇ ಕಿಟಕಿ ಬೆಳಕಿಗೆ ಹಿಡಿದು ಎರಡೂ ಸುರುಳಿ ತೋರಿಸಿದರೆ ಜೊತೆಗೆ ಬಂದವರೂ ಬಗ್ಗಿ ನೋಡುತ್ತಾರೆ.

ಕಷ್ಟವಿರುವುದು ತಾರೀಕಿನಲ್ಲಿ. ಎಷ್ಟು ವಾರಕ್ಕೆ ತೆಗೆಯಬೇಕು ಅಂತ ಡಾಕ್ಟರ್ ಬರೆಯುತ್ತಾರೆ. ಸಾಮಾನ್ಯ ಡಿಜೆ ಮೂರು ತಿಂಗಳು ದಾಟಬಾರದು ಅಂತ ನಾವು ಒತ್ತಿ ಹೇಳುತ್ತೇವೆ. ಬಹಳ ದಿನ ಒಳಗಿದ್ದರೆ ಅದರ ಮೇಲೇ ಹರಳು ಕಟ್ಟುತ್ತದೆ. ಹೊತ್ತಿಗೆ ಸರಿಯಾಗಿ ಬಂದರೆ ಮೂತ್ರದ ದಾರಿಗೆ ಜೆಲ್ಲಿ ಹಾಕಿ ಮರಗಟ್ಟಿಸಿ, ಸಣ್ಣ ಕ್ಯಾಮೆರಾದಿಂದ ನೋಡುತ್ತಾ ಕೆಲವೇ ನಿಮಿಷದಲ್ಲಿ ಎಳೆದು ತೆಗೆಯುವಂಥದ್ದಕ್ಕೆ ಆಗ ಮತ್ತೆ ಆಪರೇಷನ್ ಬೇಕಾಗಬಹುದು. ಸೋಂಕು ಏರಿ ಕಿಡ್ನಿಗೇ ಪೆಟ್ಟು ಬೀಳಬಹುದು. ಆದರೆ ಹರಳಿನ ನೋವು ಹೋದ ಮೇಲೆ ಯಾರಿಗೆ ನೆನಪಿರುತ್ತದೆ? ಆಳಂದ, ಚಿಂಚೋಳಿ ಕಡೆಯವರು ಸ್ವಲ್ಪ ಚೇತರಿಸಿಕೊಂಡರೆ ಸಾಕು, ಪುಣೆಗೋ ಮುಂಬೈಗೋ ದುಡಿಯಲು ಹೊರಟುಬಿಡುತ್ತಾರೆ.

ಅದಕ್ಕೇ ಡಿಜೆ ಹಾಕಿಸಿಕೊಂಡವರದ್ದೇ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಎರಡು ಫೋನ್ ನಂಬರ್ ಬರೆದುಕೊಳ್ಳುತ್ತೇನೆ. ಒಂದು ಊರಲ್ಲೇ ಇರುವವರದ್ದಾಗಿರಬೇಕು, ಹೆಂಡತಿದೋ ಅಣ್ಣನದೋ. ತಾರೀಕು ಹತ್ತಿರ ಬಂದಾಗ ಇಬ್ಬರಿಗೂ ಫೋನ್ ಹೋಗುತ್ತದೆ. ಸುಮ್ನೆ ತಾರೀಕು ಹೇಳಿದರೆ ಮರೆಯುವವರಿಗೆ ಜಾತ್ರೆ, ಉರುಸಿನ ಲೆಕ್ಕ ಕೊಡುತ್ತೇನೆ. "ಕಾಕಾ, ಶರಣಬಸವೇಶ್ವರ ಜಾತ್ರಿಗಿ ಬರ್ತೀರಲ್ಲ, ಮರುದಿನ ಸೀದಾ ಇಲ್ಲಿ ಬರ್ರಿ." ಇದು ಚೆನ್ನಾಗಿ ನಡೆಯುತ್ತದೆ. ಬರಲು ಆಗದವರು ಡಿಸ್ಚಾರ್ಜ್ ಕಾರ್ಡ್ ತೋರಿಸಿ ತಾವಿರುವ ಊರಲ್ಲೇ ಯೂರಾಲಜಿ ಡಾಕ್ಟರ್ ಹತ್ತಿರ ತೆಗೆಸಿಕೊಳ್ಳಬಹುದು. ಕೊನೆಗೆ ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸುತ್ತೇನೆ. ಬರೀ ತಲೆ ಆಡಿಸಿದ್ದನ್ನು ನಾನು ನಂಬುವುದಿಲ್ಲ!

ಸ್ಟೆಂಟ್ ಇರುವಷ್ಟು ದಿನ ಪದೇ ಪದೇ ಒಂದಕ್ಕೆ ಬರುವುದು, ಉರಿ, ಸೊಂಟದ ಬದಿ ಸೆಳೆತ, ಜಾಸ್ತಿ ಓಡಾಡಿದಾಗ ಮೂತ್ರ ಸ್ವಲ್ಪ ಕೆಂಪಾಗುವುದು ಇದ್ದದ್ದೇ. ಡಾಕ್ಟರ್ ಬೇಡ ಅನ್ನದಿದ್ದರೆ ನೀರು ಚೆನ್ನಾಗಿ ಕುಡಿಯಬೇಕು, ನಮ್ಮ ಬೇಸಿಗೆಯಲ್ಲಂತೂ ಇನ್ನೂ ಜಾಸ್ತಿ. ಚಳಿಜ್ವರ ಬಂದರೆ, ರಕ್ತದ ಗಡ್ಡೆ ಬಿದ್ದರೆ ಅಥವಾ ಮೂತ್ರ ನಿಂತರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ.