ಕೆಡವಿ ಕಟ್ಟುವುದಾ, ರಿಪೇರಿ ಮಾಡುವುದಾ: ಕಾಸರಗೋಡಿನ ಒಂದು ಕಾಲನಿಯ ಲೆಕ್ಕ

ಕಾಸರಗೋಡು ಪೇಟೆಯ ಹಳೆ ಕಾಲನಿ ಅದು. ಆರು ಕಟ್ಟಡ, ಒಂದೊಂದಕ್ಕೂ ಎರಡು ಅಂತಸ್ತು, ಒಟ್ಟು 48 ಮನೆ. ಗೋಡೆ ಮುರಕಲ್ಲಿನದ್ದು (ಕೆಂಪು ಜಂಬಿಟ್ಟಿಗೆ ಕಲ್ಲು), ನಡುವೆ ಕಾಂಕ್ರೀಟ್ ಸ್ಲ್ಯಾಬು, ಮೇಲೆ ಹಂಚು, ಹಿಂದಿನ ಇಳಿಮಾಡಿಗೆಲ್ಲ ಆಸ್ಬೆಸ್ಟಾಸ್ ಶೀಟು. ಒಬ್ಬ ಬಿಲ್ಡರ್ ಬಂದು, ಎಲ್ಲ ಕೆಡವಿ 120 ಫ್ಲ್ಯಾಟು ಕಟ್ಟುತ್ತೇನೆ, ಹಳಬರಿಗೆ 48 ಪುಕ್ಕಟೆ, ಉಳಿದ 72 ನನಗೆ ಅಂದರು. ಪರಿಸರಕ್ಕೆ ಯಾವುದು ವಾಸಿ ಅಂತ ಸ್ವಲ್ಪ ನೋಡಿಕೊಡಿ ಎಂದು ಸಂಘದವರು ನನ್ನನ್ನು ಕರೆದರು. ನಾನು ಸಿವಿಲ್ ಇಂಜಿನಿಯರ್, ಇಂಥ ಲೆಕ್ಕ ನನ್ನ ಕೆಲಸ.

ಕಾನೂನಿನ ಪ್ರಕಾರ ಇಂಥ ಲೆಕ್ಕವನ್ನು ಯಾರೂ ಕೇಳುವ ಹಾಗಿರಲಿಲ್ಲ. 2006ರ ಪರಿಸರ ಅಧಿಸೂಚನೆಯಲ್ಲಿ ಕಟ್ಟಡಕ್ಕೆ ಪೂರ್ವಾನುಮತಿ ಬೇಕಾಗುವುದು 20,000 ಚದರ ಮೀಟರಿನಿಂದ ಮೇಲೆ, ಇವರ ಪ್ಲಾನು ಸುಮಾರು 14,000. ಆ ಮಿತಿ ದಾಟಿದ ಯೋಜನೆಗಳ ಅರ್ಜಿಯಲ್ಲಿ ಕೂಡ ಬೇರೆ ಜಾಗ ನೋಡಿದ್ದೀರಾ ಎನ್ನುವ ಒಂದು ಕಾಲಂ ಇರುತ್ತದೆ, ನಾನು ಕಂಡ ಹೆಚ್ಚಿನವರು ಅಲ್ಲಿ 'ಇಲ್ಲ' ಬರೆದು ಮುಂದೆ ಹೋಗುತ್ತಾರೆ. ಕೆಡವದಿದ್ದರೆ ಏನಾಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ.

ನಾನು ಮೊದಲು ಮಾಡಿದ್ದು ಎಲ್ಲ ದಾರಿಗಳಲ್ಲೂ ಮನೆಗಳ ಸಂಖ್ಯೆ ಒಂದೇ ಬರುವ ಹಾಗೆ ನೋಡಿಕೊಂಡದ್ದು. 48 ಮನೆಯ ರಿಪೇರಿಯನ್ನು 120 ಮನೆಯ ಹೊಸ ಕಟ್ಟಡದ ಪಕ್ಕ ಇಟ್ಟರೆ ರಿಪೇರಿಯೇ ಗೆಲ್ಲುತ್ತದೆ, ಅದರಲ್ಲೇನಿದೆ? ಉಳಿದ 72 ಕುಟುಂಬ ಗಾಳಿಯಲ್ಲಿ ಇರುವುದಿಲ್ಲ ಅಲ್ವಾ. ಅವರು ಪೇಟೆಯ ಹೊರಗೆ ಗುಡ್ಡ ತಗ್ಗಿಸಿ, ಇಲ್ಲವೇ ಗದ್ದೆ ಬದಿಯಲ್ಲಿ ಮನೆ ಕಟ್ಟುತ್ತಾರೆ, ಒಂದೊಂದಕ್ಕೂ ಬೇರೆ ಬಾವಿ, ಬೇರೆ ಸೆಪ್ಟಿಕ್ ಟ್ಯಾಂಕು. ಕೇರಳದಲ್ಲಿ ಗದ್ದೆ ಮತ್ತು ಜೌಗು ಉಳಿಸಲು 2008ರಿಂದ ಕಾನೂನೇ ಇದೆ, ಆದರೂ ಗದ್ದೆಗೆ ಮಣ್ಣು ತುಂಬಿಸುವುದು ಪೂರ್ತಿ ನಿಂತಿಲ್ಲ. ಹಾಗಾಗಿ ರಿಪೇರಿಯ ಕಾಲಂನಲ್ಲಿ ಆ 72 ಮನೆಗಳ ಭಾರವನ್ನೂ ಬರೆದೆ. ಸಂಘದ ಕೆಲವರಿಗೆ ಇದು ಹಿಡಿಸಲಿಲ್ಲ. ಬಿಲ್ಡರ್ ಪರ ಲೆಕ್ಕ ಅಂತ ಒಬ್ಬರು ಮುಖಕ್ಕೇ ಹೇಳಿದರು.

ಅವಶೇಷದ ಲೆಕ್ಕ ಸುಲಭ. ಪಕ್ಕಾ ಕಟ್ಟಡ ಕೆಡವಿದರೆ ಚದರ ಮೀಟರಿಗೆ 300ರಿಂದ 500 ಕಿಲೋ ಬರುತ್ತದೆ ಎಂಬ ಅಂದಾಜನ್ನು ನಮ್ಮಲ್ಲಿ ಬಳಸುತ್ತಾರೆ. ಇಲ್ಲಿರುವುದು 2,900 ಚದರ ಮೀಟರು, ಜಾಸ್ತಿ ಅಂದರೆ 1,450 ಟನ್. ಹತ್ತು ಟನ್ ಟಿಪ್ಪರಿನಲ್ಲಿ 145 ಲೋಡು. ಆಗಿದ್ದ 2016ರ ನಿಯಮದಂತೆ ತಿಂಗಳಿಗೆ 300 ಟನ್ ದಾಟಿದರೆ ಕಸದ ಯೋಜನೆ ಬರೆದು ಒಪ್ಪಿಗೆ ಪಡೆಯಬೇಕಿತ್ತು. ಮುರಕಲ್ಲಿನ ಒಂದು ಅನುಕೂಲ ಏನೆಂದರೆ, ಜೆಸಿಬಿ ಹೊಡೆಯದೆ ಕೈಯಿಂದ ಬಿಡಿಸಿದರೆ ಅರ್ಧಕ್ಕಿಂತ ಜಾಸ್ತಿ ಕಲ್ಲು ಮತ್ತೆ ಗೋಡೆಗೆ ಬರುತ್ತದೆ. ಮಾಡಿನ ಮರ (ಪಕ್ಕಾಸು, ರೀಪು), ಹಂಚಿಗೆ ಗಿರಾಕಿ ಇದ್ದೇ ಇದ್ದಾರೆ.

ಬಿಲ್ಡರ್ ಜಾಸ್ತಿ ಒತ್ತಿ ಹೇಳಿದ್ದು ಹೊಸ ಫ್ಲ್ಯಾಟಿನಲ್ಲಿ ಆಗುವ ಕರೆಂಟು ಉಳಿತಾಯ. ಅದನ್ನು ಕೂತು ಲೆಕ್ಕ ಹಾಕಿದೆ. 14,000 ಚದರ ಮೀಟರು ಅಂದರೆ ಒಂದೂವರೆ ಲಕ್ಷ ಚದರಡಿ. ಚದರಡಿಗೆ 0.4 ಚೀಲ ಸಿಮೆಂಟು, 4 ಕಿಲೋ ಕಬ್ಬಿಣ ಹಿಡಿದರೆ 3,000 ಟನ್ ಸಿಮೆಂಟು, 600 ಟನ್ ಕಬ್ಬಿಣ. ಟನ್ ಸಿಮೆಂಟಿಗೆ 0.7 ಟನ್, ಕಬ್ಬಿಣಕ್ಕೆ 2.5 ಟನ್ ಇಂಗಾಲದ ಡೈಆಕ್ಸೈಡ್ ಅಂತ ಇಟ್ಟುಕೊಳ್ಳಿ. ಎರಡೂ ಸೇರಿ 3,600 ಟನ್. ಅದರಲ್ಲಿ ಹಳಬರಿಗೆ ಸಿಗುವ 48 ಫ್ಲ್ಯಾಟಿನ ಪಾಲು 1,440. ಇನ್ನು ಉಳಿತಾಯ ನೋಡಿ. ಇಲ್ಲಿ ಹೆಚ್ಚಿನ ಮನೆಯಲ್ಲಿ ಎಸಿ ಇಲ್ಲ, ಫ್ಯಾನು, ಫ್ರಿಡ್ಜು, ಪಂಪು ಅಷ್ಟೇ. ತಿಂಗಳಿಗೆ 150 ಯೂನಿಟ್ಟಿನಲ್ಲಿ ಶೇಕಡಾ 30 ಉಳಿಯಿತು ಅಂದರೂ, ಯೂನಿಟ್ಟಿಗೆ 0.7 ಕಿಲೋದಂತೆ 48 ಮನೆಗೆ ವರ್ಷಕ್ಕೆ 18 ಟನ್. ಕಟ್ಟುವಾಗ ಬಿಟ್ಟ ಹೊಗೆ ತೀರಲು 80 ವರ್ಷ ಬೇಕು. ಬಿಲ್ಡರ್ ಕಡೆಯವರು ಆಮೇಲೆ ಕರೆಂಟಿನ ಮಾತು ಎತ್ತಲಿಲ್ಲ.

ಆದರೆ ನನ್ನ ಪ್ರಕಾರ ಇಲ್ಲಿ ತೀರ್ಮಾನ ಮಾಡಬೇಕಾದದ್ದು ಹೊಗೆ ನೋಡಿ ಅಲ್ಲ, ನೀರು ನೋಡಿ. ಕಾಲನಿಯಲ್ಲಿ ಎರಡು ಬಾವಿ ಇವೆ. ನಾನು ಹೋದಾಗ ಮಳೆ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ, ನೀರು ಕೈಗೆ ಸಿಗುವಷ್ಟು ಮೇಲಿತ್ತು. ಅಲ್ಲೇ ಇರುವ ಒಬ್ಬ ರಿಟೈರ್ಡ್ ಮಾಷ್ಟ್ರು ನಕ್ಕು, "ಇಂಜಿನಿಯರ್ರೇ, ಮೇ ತಿಂಗಳಲ್ಲಿ ಬನ್ನಿ. ಈಗ ನೋಡಿದ್ರೆ ಈ ಬಾವಿ ಸುಳ್ಳು ಹೇಳ್ತದೆ" ಅಂದರು. ಮೇಯಲ್ಲಿ ಹೋಗಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರೆ ಒಂದು ಕೋಲು (ಎರಡೂವರೆ ಅಡಿಯ ಆಸುಪಾಸು) ನೀರು ಕೂಡ ಇಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುವ ಊರಿನ ಕಥೆ ಇದು. ನೀರು ಇಳಿದಿದ್ದರಿಂದ ಬಾವಿಯ ಬದಿ ಚೆನ್ನಾಗಿ ಕಾಣುತ್ತಿತ್ತು. ಮೇಲಿಂದ ಸುಮಾರು ಆರು ಮೀಟರು ತೂತು ತೂತಾದ ಕೆಂಪು ಮುರ, ಅದರ ಕೆಳಗೆ ಬೆಳ್ಳಗೆ, ನಸುಗೆಂಪಾಗಿ ಜಾರುವ ಸೇಡಿ ಮಣ್ಣು. ಮುರದಲ್ಲಿ ಇಳಿದ ನೀರು ಸೇಡಿಯ ಮೇಲೆ ನಿಂತು ಬದಿಗೆ ಹರಿಯುತ್ತದೆ, ಕೆಳಗಿನ ಮನೆಗಳ ಬಾವಿ ತುಂಬುವುದೂ ಇದರಿಂದಲೇ. ಬಿಲ್ಡರ್ ಪ್ಲಾನಿನಲ್ಲಿ ಕಾರು ನಿಲ್ಲಿಸಲು ನೆಲದಡಿ ಒಂದು ಅಂತಸ್ತು, ತಳಪಾಯ ಸೇರಿ ಐದು ಮೀಟರು ಅಗೆತ. ಅಂದರೆ ಕೆಳಗಿನ ಬಾವಿಗಳಿಗೆ ಹೋಗಬೇಕಾದ ನೀರು ಈ ಹೊಂಡಕ್ಕೆ ಬರುತ್ತದೆ. ಮಳೆಗಾಲವಿಡೀ ಅದನ್ನು ಪಂಪು ಹಾಕಿ ಚರಂಡಿಗೆ ಬಿಡಬೇಕು.

ಕೊಳಚೆಯದ್ದು ಇನ್ನೊಂದು ಕಷ್ಟ. ಮನೆಗೆ ನಾಲ್ಕೂವರೆ ಜನ, ತಲೆಗೆ ದಿನಕ್ಕೆ 135 ಲೀಟರು ನೀರಿನಂತೆ ಈಗಿನ 48 ಮನೆಗೆ 29 ಸಾವಿರ ಲೀಟರು ಸಾಕು, 120ಕ್ಕೆ 73 ಸಾವಿರ ಬೇಕು, ಬಳಸಿದ್ದರಲ್ಲಿ ಹೆಚ್ಚಿನದು ಕೊಳಚೆಯಾಗುತ್ತದೆ. ಒಳಚರಂಡಿ ಇಲ್ಲದ ಜಾಗ. ತೂತು ಮುರದಲ್ಲಿ ಇಂಗುಗುಂಡಿ ತೋಡಿದರೆ ಕೊಳಚೆ ಸೋಸದೆ ಸೀದಾ ಬಾವಿಗೆ ಇಳಿಯುತ್ತದೆ.

ಪಟ್ಟಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಸಭೆಯಲ್ಲಿ ಹಂಚಿದೆ. ಒಟ್ಟು ಅಂಕ ಎಷ್ಟು ಸಾರ್ ಎಂದು ಕೇಳಿದರು. ಅಂಕ ಹಾಕಿರಲಿಲ್ಲ. ನೀರಿಗೆ ಹತ್ತರಲ್ಲಿ ಮೂರು, ಹೊಗೆಗೆ ಐದು ಅಂತ ಕೊಟ್ಟು ಕೂಡಿಸಿದರೆ, ಆ ಮೂರು ಐದನ್ನು ಆಚೀಚೆ ಮಾಡಿ ಬೇಕಾದವರನ್ನು ಗೆಲ್ಲಿಸಬಹುದು. ಟನ್ ಟನ್ನಾಗಿಯೇ ಇರಲಿ, ಲೀಟರು ಲೀಟರಾಗಿಯೇ ಇರಲಿ, ಯಾವುದು ದೊಡ್ಡದು ಎಂದು ಅಲ್ಲಿ ಇರುವವರು ಹೇಳಲಿ.

ಅವರು ಹೇಳಿದ್ದು ಮೂರನೇ ದಾರಿ. ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿದು ಸ್ಲ್ಯಾಬು ಉದುರುತ್ತಿರುವ ಎರಡು ಕಟ್ಟಡ ಮಾತ್ರ ತೆಗೆಯುವುದು. ಅಲ್ಲಿ ಕಂಬದ ಮೇಲೆ ಐದು ಅಂತಸ್ತು, ಕೆಳಗೆ ಕಾರು, ನೆಲ ಅಗೆಯುವ ಹಾಗಿಲ್ಲ. ಉಳಿದ ನಾಲ್ಕಕ್ಕೆ ರಿಪೇರಿ. ಒಟ್ಟು 72 ಮನೆ ಆಗುತ್ತದೆ, ಅವಶೇಷ ಮೂರನೇ ಒಂದು ಪಾಲು. ಹೊರಗೆ ಹೋಗುವ 48 ಮನೆಯ ಭಾರ ಮಾತ್ರ ಪಟ್ಟಿಯಲ್ಲಿ ಹಾಗೇ ಇದೆ, ಅದನ್ನು ಅಳಿಸಲು ನಾನು ಒಪ್ಪಲಿಲ್ಲ. ಬಿಲ್ಡರಿಗೆ ಇದರಲ್ಲಿ ಗಿಟ್ಟುವುದಿಲ್ಲ, ಬಿಟ್ಟು ಹೋದರು. ಸಂಘದವರು ಈಗ ಸಾಲಕ್ಕೆ ಓಡಾಡುತ್ತಿದ್ದಾರೆ.

ಯಾವ ದಾರಿ ಹಿಡಿದರೂ ಆಸ್ಬೆಸ್ಟಾಸ್ ಶೀಟು ಇಳಿಸಲೇಬೇಕು. ನೀರು ಹಾಕಿ ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಒಡೆಯದೆ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು ಅಂತ ಬರೆದು ಕೊಟ್ಟಿದ್ದೇನೆ. ಸುತ್ತಿದ ಮೇಲೆ ಎಲ್ಲಿಗೆ ಕಳಿಸುವುದು ಎಂದು ಕೇಳಿ ಅರ್ಜಿ ಹಾಕಿದ್ದೇವೆ, ಉತ್ತರ ಬಂದಿಲ್ಲ.