ಅವ್ವನ ಮಂಡಿ ನೋವು, ಹುಬ್ಳಿಯ ಚಿಗರಿ ಬಸ್ಸು: ಬಿಆರ್‌ಟಿಎಸ್ ಸ್ಟೇಶನ್ನಲ್ಲಿ ಹತ್ತೋದು ಇಳಿಯೋದು ಹೇಗೆ

ಹಾಸನದ ಬಸ್‌ಸ್ಟ್ಯಾಂಡಲ್ಲಿ ನಮ್ಮವ್ವನ್ನ ಬಸ್ಸಿಗೆ ಹತ್ತಿಸಬೇಕು ಅಂದ್ರೆ ಎರಡಾಳಿನ ಕೆಲಸ, ಅಣ್ಣ ಒಳಗಿಂದ ಕೈ ಹಿಡಿದು ಎಳೀಬೇಕು ನಾನು ಹಿಂದೆ ನಿಂತು ಸೊಂಟಕ್ಕೆ ಆನಿಸ್ಕೊಂಡು ಎತ್ತಬೇಕು, ಮೊದಲನೇ ಮೆಟ್ಲು ಅಷ್ಟು ಎತ್ತರ, ಮಂಡಿ ಸವೆದೋರಿಗೆ ಅದೊಂದು ಬೆಟ್ಟಾನೇ. ಅಂಥ ಅವ್ವ ತಂಗಿ ಮನೆಗೆ ಅಂತ ಹುಬ್ಳಿಗೆ ಹೋದಾಗ ಯಾರ ಕೈನೂ ಹಿಡೀದೆ, ಪಡಸಾಲೆಯಿಂದ ನಡುಮನೆಗೆ ಹೋದಂಗೆ ಸೀದಾ ನಡೆದು ಬಸ್ಸೊಳಗೆ ಹೋಗಿ ಕೂತ್ಕಂಡ್ಲು. ಅವತ್ತಿಂದ ಊರಲ್ಲಿ ಮಂಡಿ ನೋವಿರೋರೆಲ್ಲ ಅದೇನದು ಬಸ್ಸು, ಹೆಂಗೆ ಹತ್ತೋದು ಅಂತ ಕೇಳ್ತಾನೇ ಇದಾರೆ, ಅದಕ್ಕೆ ಬರೀತಿದೀನಿ.

ಹುಬ್ಬಳ್ಳಿ ಧಾರವಾಡದ ಮಧ್ಯೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ರಸ್ತೆ ನಡುವಲ್ಲೇ ಬಸ್ಸಿಗೆ ಅಂತ ಬೇರೆ ದಾರಿ ಮಾಡಿದಾರೆ, ಅದೇ ಬಿಆರ್‌ಟಿಎಸ್. 2018ರಲ್ಲಿ ಬಸ್ಸು ಓಡೋಕೆ ಶುರುವಾಯ್ತು, 2020ರ ಫೆಬ್ರವರಿ 2ಕ್ಕೆ ಆಗ ಉಪರಾಷ್ಟ್ರಪತಿ ಆಗಿದ್ದ ವೆಂಕಯ್ಯ ನಾಯ್ಡು ಅವ್ರು ಬಂದು ಉದ್ಘಾಟನೆ ಮಾಡಿದ್ರು. ಬಸ್ಸಿನ ಹೆಸರು ಚಿಗರಿ, ನಾವು ಜಿಂಕೆ ಅಂತೀವಲ್ಲ ಅದಕ್ಕೆ ಆ ಕಡೆಯೋರು ಅನ್ನೋ ಮಾತು, ನಂಗಂತೂ ಬಹಳ ಇಷ್ಟ ಆದ ಹೆಸರು.

ಹಾಸನದಿಂದ ಹೋಗೋರಿಗೆ ಅರಸೀಕೆರೆಗೆ ಹೋಗಿ ಅಲ್ಲಿಂದ ರೈಲು ಹಿಡಿಯೋದೇ ಸಲೀಸು, ಚಿಕ್ಕಮಗಳೂರು ಕಡೆಯೋರಾದ್ರೆ ಕಡೂರು ಇಲ್ಲಾ ಬೀರೂರು. ಒಂದು ವಿಷಯ ನೆನಪಿಟ್ಕೊಳ್ಳಿ, ಹುಬ್ಬಳ್ಳಿ ಸ್ಟೇಶನ್ನಲ್ಲಿರೋ ಉದ್ದದ ಪ್ಲಾಟ್‌ಫಾರ್ಮು 1,507 ಮೀಟರ್, ಪ್ರಪಂಚದಲ್ಲೇ ಉದ್ದದ್ದು ಅಂತಾರೆ, ಹೆಮ್ಮೆ ಸರಿ ಆದ್ರೆ ಮಂಡಿ ನೋವಿದ್ದೋರು ಅದರ ತುದಿಯಲ್ಲಿ ಇಳಿದ್ರೆ ಕಥೆ ಮುಗೀತು, ಲಗೇಜಿದ್ರಂತೂ ಕೇಳೋದೇ ಬೇಡ, ಅದಕ್ಕೆ ಬೋಗಿ ಬುಕ್ ಮಾಡೋವಾಗ್ಲೇ ಯೋಚನೆ ಮಾಡಿ.

ಇನ್ನು ಮೊದಲನೇ ಕೆಲಸ, ರಸ್ತೆ ದಾಟೋದು. ಇದನ್ನ ಯಾರೂ ಸರಿಯಾಗಿ ಹೇಳ್ಕೊಡಲ್ಲ, ನನ್ನ ಕೇಳಿದ್ರೆ ಇಡೀ ಪ್ರಯಾಣದಲ್ಲಿ ಕಷ್ಟ ಇರೋದು ಇಲ್ಲೊಂದೇ ಕಡೆ. ನಮ್ಮೂರಲ್ಲಿ ಸ್ಟಾಪು ರಸ್ತೆ ಪಕ್ಕಕ್ಕಿರುತ್ತೆ, ಅಲ್ಲಿ ನಟ್ಟ ನಡುವೆ ಇರುತ್ತೆ. ಮೊದಲು ಕಾರು ಲಾರಿ ಬೈಕು ಓಡೋ ರಸ್ತೆ ದಾಟಬೇಕು, ಆಮೇಲೆ ಬಸ್ಸಿನ ದಾರಿ ದಾಟಬೇಕು, ಜನ ಏನ್ಮಾಡ್ತಾರೆ ಅಂದ್ರೆ ಮೊದಲನೇದು ದಾಟಿದ ತಕ್ಷಣ ಮುಗೀತು ಅಂತ ಸಲೀಸಾಗಿ ಹೆಜ್ಜೆ ಹಾಕ್ತಾರೆ, ಅಪಾಯ ಇರೋದೇ ಅಲ್ಲಿ. ಆ ದಾರಿ ಖಾಲಿ ಕಾಣುತ್ತೆ, ಖಾಲಿ ಇರೋದ್ರಿಂದ್ಲೇ ಬಸ್ಸು ಜೋರಾಗಿ ಬರುತ್ತೆ. ಅಷ್ಟೇ ಅಲ್ಲ, ಸ್ಟೇಶನ್ ಹತ್ರ ಒಂದು ಬಸ್ಸು ನಿಂತಿದ್ರೆ ಅದನ್ನ ಹಿಂದೆ ಹಾಕಿ ಹೋಗೋಕೆ ಇನ್ನೊಂದು ಬಸ್ಸಿಗೆ ಜಾಗ ಬಿಟ್ಟಿದಾರೆ, ಆದ್ರಿಂದ ನಿಂತಿರೋ ಬಸ್ಸಿನ ಮುಂದೆ ಮಾತ್ರ ಯಾವತ್ತೂ ದಾಟಬೇಡಿ, ಮರೆಯಿಂದ ಇನ್ನೊಂದು ಬಂದ್ಬಿಡುತ್ತೆ. ಜೀಬ್ರಾ ಗೆರೆ ಇರೋ ಕಡೆ, ಸಿಗ್ನಲ್ ಇದ್ರೆ ಸಿಗ್ನಲ್ ಬಿದ್ದ ಮೇಲೆ, ಎರಡೂ ಕಡೆ ನೋಡ್ಕೊಂಡು, ವಯಸ್ಸಾದೋರ ಕೈ ಹಿಡ್ಕೊಂಡು ದಾಟಿ. ಅವ್ವನ ಕೈ ನಾನು ಬಿಡದೇ ಹಿಡಿದಿದ್ದು ಇಲ್ಲಿ ಮಾತ್ರ.

ದಾಟಿದ ಮೇಲೆ ಇಳಿಜಾರಿನ ದಾರಿ ಇರುತ್ತೆ, ಮೆಟ್ಲು ಹತ್ತೋ ಹಂಗಿಲ್ಲ, ವೀಲ್‌ಚೇರೂ ಹೋಗುತ್ತೆ. ಮೇಲೆ ಹೋದ್ರೆ ಟಿಕೆಟ್ ಕೌಂಟರು. ಇಲ್ಲಿ ಬಸ್ಸೊಳಗೆ ಕಂಡಕ್ಟರ್ ಬಂದು ಟಿಕೆಟ್ ಹರಿಯೋದಿಲ್ಲ, ಹತ್ತೋ ಮೊದಲೇ ತಗೋಬೇಕು. "ಎಲ್ಲಿಗ್ರೀ ಅಕ್ಕಾರ?" ಅಂತ ಕೇಳ್ತಾರೆ, ಸ್ಟೇಶನ್ ಹೆಸರು ಪೂರ್ತಿ ಹೇಳಿ. ನಮ್ಮ ತಂಗಿ ಮನೆ ಇರೋದು ಉಣಕಲ್ ಹತ್ರ, ಬರೀ ಉಣಕಲ್ ಅಂದ್ರೆ ಸಾಲಲ್ಲ, ಉಣಕಲ್ ಕೆರೆ ಬೇರೆ ಉಣಕಲ್ ಕ್ರಾಸ್ ಬೇರೆ, ಒಂದು ಸ್ಟೇಶನ್ ತಪ್ಪಿದ್ರೆ ಮಂಡಿ ನೋವಿರೋರಿಗೆ ಅದೆಷ್ಟು ದೂರ ಅಂತ ನಡೆದೋರಿಗೇ ಗೊತ್ತು. ಹೆಂಗಸ್ರಿಗೆ ಇನ್ನೊಂದು ಮಾತು, ಎಸಿ ಬಸ್ಸುಗಳಿಗೆ ಶಕ್ತಿ ಯೋಜನೆ ಅನ್ವಯ ಆಗಲ್ಲ, ಚಿಗರಿ ಎಸಿ ಬಸ್ಸು, ಆಧಾರ್ ಕಾರ್ಡ್ ಒಂದೇ ಹಿಡ್ಕೊಂಡು ಹೋಗಬೇಡಿ, ಕೈಯಲ್ಲಿ ಚಿಲ್ಲರೆ ಇರಲಿ.

ಟಿಕೆಟ್ ತಗೊಂಡ ಮೇಲೆ ಗೇಟು. ಟಿಕೆಟ್ ಮೇಲಿರೋ ಕ್ಯೂಆರ್ ಕೋಡನ್ನ ಗೇಟಿನ ಮೆಶೀನಿಗೆ ತೋರಿಸಬೇಕು, ಮಡಚಿ ಮುದ್ದೆ ಮಾಡಿದ್ರೆ ಓದಲ್ಲ. ಹಿಂದೆ ಜನ ನಿಂತಿದಾರೆ ಅಂತ ಗಾಬರಿ ಬೀಳೋದು ಬೇಡ, ಪಕ್ಕದಲ್ಲಿ ಸಿಬ್ಬಂದಿ ಇದ್ರೆ ಕೇಳಿ, ಆ ಕಡೆ ಜನ ಗಟ್ಟಿಯಾಗಿ ಮಾತಾಡ್ತಾರೆ ಅಷ್ಟೇ, ಕೈಗೆ ಕೈ ಕೊಟ್ಟು ಸಹಾಯ ಮಾಡ್ತಾರೆ.

ಒಳಗೆ ಹೋದ್ರೆ ಬೋರ್ಡ್ ನೋಡಿ ಧಾರವಾಡಕ್ಕೆ ಹೋಗೋ ಬಾಗಿಲು ಯಾವುದು ಹುಬ್ಳಿಗೆ ಹೋಗೋದು ಯಾವುದು ತಿಳ್ಕೊಂಡು ನಿಂತ್ಕೊಳ್ಳಿ. ಬಂದ ಬಸ್ಸೆಲ್ಲ ಹತ್ತೋದಲ್ಲ. ಎಕ್ಸ್‌ಪ್ರೆಸ್ ಇದೆ, ಅದು ಎಲ್ಲಾ ಸ್ಟೇಶನ್ನಲ್ಲೂ ನಿಲ್ಲಲ್ಲ. ನಾನೊಂದ್ಸಲ ಒಬ್ಬಳೇ ಹೋದಾಗ ನೋಡ್ದೆ ಹತ್ತಿ, ಇಳೀಬೇಕಾದ ಸ್ಟೇಶನ್ ಕಣ್ಣೆದುರೇ ಹಿಂದಕ್ಕೆ ಹೋಯ್ತು, ಮತ್ತೆ ವಾಪಸ್ ಬರೋವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯ್ತು.

ಈಗ ನಾನು ಹೇಳಬೇಕು ಅಂತಿದ್ದ ಜಾಗಕ್ಕೆ ಬಂದೆ. ಬಸ್ಸು ಬಂದು ಪ್ಲಾಟ್‌ಫಾರ್ಮಿಗೆ ಒತ್ತಿ ನಿಲ್ಲುತ್ತೆ, ಗಾಜಿನ ಬಾಗಿಲು ಸರಿಯುತ್ತೆ, ಬಸ್ಸಿನ ಬಲಗಡೆ ಬಾಗಿಲು ತೆಗೆಯುತ್ತೆ, ಸ್ಟೇಶನ್ ನೆಲ ಬಸ್ಸಿನ ನೆಲ ಎರಡೂ ಒಂದೇ ಮಟ್ಟ. ಎತ್ತರ ಹತ್ತೋ ಕಷ್ಟಾನ ಮಂಡಿಗೆ ಬಿಡದೆ ಇಳಿಜಾರಿನ ದಾರಿಗೆ ಹಂಚಿಬಿಟ್ಟಿದಾರೆ. ಇದೇನು ಹೊಸದಲ್ಲ, ಬ್ರೆಜಿಲ್‌ನ ಕುರಿಟೀಬ ಅನ್ನೋ ಊರಲ್ಲಿ 1974ರಲ್ಲೇ ಬಸ್ಸಿಗೆ ಬೇರೆ ದಾರಿ ಮಾಡಿದ್ರು, 1991ರಲ್ಲಿ ಗಾಜಿನ ಕೊಳವೆ ಥರದ ಸ್ಟೇಶನ್ ಕಟ್ಟಿ ಹಿಂಗೇ ಸಮ ಮಟ್ಟದಲ್ಲಿ ಹತ್ತೋಹಂಗೆ ಮಾಡಿದ್ರು, ನಮ್ಮ ಅಹಮದಾಬಾದಿಗೆ 2009ರಲ್ಲಿ ಬಂತು. ಟಿಕೆಟ್ ಮೊದಲೇ ಆಗಿರುತ್ತೆ, ಮೆಟ್ಲು ಇಲ್ಲ, ಬಾಗಿಲು ಅಗಲ, ಹಂಗಾಗಿ ಬಸ್ಸು ಜಾಸ್ತಿ ಹೊತ್ತು ನಿಲ್ಲಲ್ಲ. ನೀವು ಮಾಡಬೇಕಾದ್ದು ಇಷ್ಟೇ, ಗಾಜಿನ ಬಾಗಿಲಿಗೆ ಒರಗಬೇಡಿ, ಇಳಿಯೋರು ಇಳೀಲಿ, ಮಧ್ಯದ ಸಂದು ಒಮ್ಮೆ ನೋಡ್ಕೊಂಡು ಕಾಲಿಡಿ, ಡ್ರೈವರ್ ಒಂಚೂರು ದೂರ ನಿಲ್ಲಿಸಿದ್ರೆ ಸಂದು ಅಗಲ ಆಗುತ್ತೆ, ಕೋಲು ಹಿಡಿದಿರೋರು ಕೋಲನ್ನ ಮೊದಲು ಬಸ್ಸೊಳಗೆ ಊರಿ ಆಮೇಲೆ ಹೆಜ್ಜೆ ಇಡಲಿ.

ಅವ್ವ ಕೂತ್ಕಂಡು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ "ಎತ್ತುಸ್ಕಳ್ದೆ ಹತ್ತಿ ಎಷ್ಟು ವರ್ಸ ಆಯ್ತಮ್ಮ" ಅಂದ್ಲು. ನಮ್ಮ ಹಾಸನದಂಥ ಊರಿಗೆ 22 ಕಿಲೋಮೀಟರ್ ದಾರಿ ಬೇಡ, ಬೇರೆ ರಸ್ತೇನೂ ಬೇಡ, ಆಸ್ಪತ್ರೆ ಮುಂದಿನ ಒಂದೇ ಒಂದು ಸ್ಟಾಪಲ್ಲಿ ಬಸ್ಸಿನ ನೆಲದಷ್ಟು ಎತ್ತರದ ಕಟ್ಟೆ ಕಟ್ಟಿ, ಇಳಿಜಾರು ಮಾಡಿ, ಅಲ್ಲಿಗೆ ಒತ್ತಿ ನಿಲ್ಲೋಕೆ ನಾಲ್ಕು ಬಸ್ಸು ಕೊಟ್ರೆ ಎಷ್ಟೊಂದು ಜನ ಮುದುಕರು ಮನೆಯಿಂದ ಆಚೆ ಬರ್ತಾರೆ, ಇದು ಆಗಲೇಬೇಕು.

ಇಳಿಯೋವಾಗ ಮುಂದಿನ ಸ್ಟೇಶನ್ ಯಾವುದು ಅಂತ ಕಿವಿ ಕೊಟ್ಟು ಕೇಳ್ತಿರಿ, ಒಂದು ಸ್ಟೇಶನ್ ಮೊದಲೇ ಎದ್ದು ಕಂಬಿ ಹಿಡ್ಕೊಂಡು ಬಾಗಿಲ ಹತ್ರ ಬನ್ನಿ. ಟಿಕೆಟ್ ಬಿಸಾಕಬೇಡಿ, ಸ್ಟೇಶನ್ನಿಂದ ಆಚೆ ಬರೋವರ್ಗೂ ಕೈಯಲ್ಲೇ ಇರಲಿ. ಆಮೇಲೆ ಇಳಿಜಾರು ಇಳಿದು ಮತ್ತೆ ಅದೇ ಎರಡು ದಾರಿ, ಮೊದಲು ಬಸ್ಸಿಂದು, ಆಮೇಲೆ ಕಾರು ಲಾರೀದು, ಅಲ್ಲಿ ಮಾತ್ರ ಮತ್ತೆ ಕೈ ಹಿಡ್ಕೊಳ್ಳಿ.